ಮೂರನೆಯ ಭಾನುವಾರದ ಕಟ್ಟು

“ಥ್ಯಾಂಕ್ಸ್ ಅನ್ಬೇಡಿ,” ಎಂದ ಪ್ರಭುಸ್ವಾಮಿ, ತಲೆ ಎತ್ತದೆ.

ಮಾಲಿನಿಗೆ ಮುಖಕ್ಕೆ ಹೊಡೆದಂತಾಯಿತು. ಬಸ್ಸಿಳಿಯುವಾಗ ಜಾರಿ ಅವಳ ಬಲ ಮಣಿಕಟ್ಟು ಉಳುಕಿತ್ತು. ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆಗೇನೂ ಆಗಿಲ್ಲ ಎಂದಿದ್ದರು. ಆದರೂ ಬಾವು ಇಳಿಯಲಿಲ್ಲ. ಬ್ಲೌಸ್ ಹೊಲಿದು ಬದುಕುವವಳು, ಕತ್ತರಿ ಹಿಡಿಯಲಾಗದೆ ಕೊಳ್ಳೇಗಾಲದಿಂದ ಸತ್ತೇಗಾಲದ ಈ ನಾಟಿ ಮದ್ದಿನ ಜಗುಲಿಗೆ ಬಂದಿದ್ದಳು. ಬಿಸಿ ಹರಳೆಣ್ಣೆಯಲ್ಲಿ ಬಾಡಿಸಿದ ಲಕ್ಕಿ ಸೊಪ್ಪು, ಅರಿಶಿನ, ಮೇಲೆ ಬಿಳಿ ಬಟ್ಟೆ. ಕಟ್ಟಿದ ಕೈ ಎಷ್ಟು ಮೃದುವೋ ಮಾತು ಅಷ್ಟೇ ಒರಟು.

“ತಪ್ಪು ತಿಳೀಬ್ಯಾಡ ಕೂಸು,” ಎಂದಳು ಅವನ ಅಜ್ಜಿ ಶಿವನಂಜಮ್ಮ. ಕೀಲುನೋವಿನಿಂದ ಅವಳ ಬೆರಳು ಡೊಂಕಾದ ಮೇಲೆ, ಕಬ್ಬಿನ ಗದ್ದೆ ನೋಡಿಕೊಳ್ಳುವ ಮೊಮ್ಮಗನೇ ಭಾನುವಾರಗಳಲ್ಲಿ ಕಟ್ಟು ಹಾಕುತ್ತಿದ್ದ. “ಬಾವು ಇಳಿಯೋಗಂಟ ನಮ್ಮನೇಲಿ ಉಪಕಾರ ಅನ್ನಂಗಿಲ್ಲ. ಇಳಿದ ಮ್ಯಾಲೆ ಒಂದ್ಸಲ ಅಂದ್ಬುಟ್ಟು, ತಿರುಗಿ ನೋಡ್ದೆ ಓಗ್ಬೇಕು. ಮತ್ತೆ ಈ ಒಸಲು ತುಳುದ್ರೆ ನೋವೂ ಬೆನ್ನತ್ತಿ ಬತ್ತದೆ.”

ಎರಡನೆಯ ಭಾನುವಾರ ಊಟವೂ ಆಯಿತು. ನುಗ್ಗೆಸೊಪ್ಪಿನ ಸಾರು, ಮುದ್ದೆ, ಮೂಳೆಗೆ ಒಳ್ಳೆಯದೆಂದು ಪ್ರಭುಸ್ವಾಮಿಯೇ ರುಬ್ಬಿದ ಮಂಗರವಳ್ಳಿ ಚಟ್ನಿ. ಎರಡು ತುತ್ತಿಗೆ ಮಾಲಿನಿಯ ಗಂಟಲು ನವೆಯಾಗಿ ಕಣ್ಣಲ್ಲಿ ನೀರಾಡಿತು. ಅವನು ನೋಡುತ್ತಿದ್ದ. ಅವಳು ಮೂರನೆಯ ತುತ್ತನ್ನೂ ನುಂಗಿದಳು.

“ನವೆ ಮುರಿಯಕ್ಕೆ ಉಣಸೇಹಣ್ಣು ಆಕ್ಲಿಲ್ವೇನ್ಲಾ?” ಅಜ್ಜಿ ಕೇಳಿದಳು.

ಪ್ರಭುಸ್ವಾಮಿ ಬೆಲ್ಲ ತರಲು ಓಡಿದ. “ನವೆ ಆದ್ರೆ ಬಾಯ್ಬುಟ್ಟು ಏಳ್ಬಾರ್ದೇನ್ರಿ?”

“ನಿಮ್ಮನೇಲಿ ಏನು ಏಳ್ಬೌದು, ಏನು ಏಳ್ಬಾರ್ದು ಅಂತ ನಂಗೆ ಗೊತ್ತಾಗ್ಲಿಲ್ಲ.”

ಅವನು ನಕ್ಕ. ಬೆಲ್ಲ ಕೊಟ್ಟ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆ ಹೊತ್ತನ್ನು ಅವಳು ವಾರವಿಡೀ ಹೊಲಿಗೆ ಮಿಷನ್ನಿನ ಮುಂದೆ ಕುಳಿತು ನೆನೆದಳು.

ಗುರುವಾರ ಅವಳ ಕೈಗೆ ಕತ್ತರಿ ಸಲೀಸಾಗಿ ಬಂತು. ಸಂತೋಷಪಡಬೇಕಾದವಳು ಅರ್ಧ ಕತ್ತರಿಸಿದ ಬಟ್ಟೆಯ ಮುಂದೆ ಸುಮ್ಮನೆ ಕುಳಿತುಬಿಟ್ಟಳು. ಭಾನುವಾರ ಕಟ್ಟು ಬಿಚ್ಚಿದರೆ ಒಂದು ಮಾತು ಹೇಳಬೇಕು. ಹೇಳಿದರೆ ಆ ಜಗುಲಿ ಮತ್ತೆ ಇಲ್ಲ.

ಮೂರನೆಯ ಭಾನುವಾರ ಅವನು ಬಟ್ಟೆಯನ್ನು ಸುತ್ತು ಸುತ್ತಾಗಿ, ನಿಧಾನವಾಗಿ ಬಿಚ್ಚಿದ. ಬಾವು ಪೂರ್ತಿ ಇಳಿದಿತ್ತು.

“ಇಲ್ಲಿ ನೋಯ್ತದಾ?”

“ನೋಯ್ತದೆ.”

“ಇಲ್ಲಿ?”

“ಅಲ್ಲೂ,” ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ.

“ನಾನಿನ್ನೂ ಮುಟ್ಟೇ ಇಲ್ಲ ಕಣ್ರಿ.”

ಕಣ್ಣು ಬಿಟ್ಟಳು. ಅವನ ಬೆರಳು ಅವಳ ಮಣಿಕಟ್ಟಿನ ಮೇಲೆ ಒಂದು ಗೇಣು ಎತ್ತರದಲ್ಲಿತ್ತು. ಅವಳ ಕಿವಿ ಕೆಂಪಾಯಿತು.

“ಉಪಕಾರ ಅಂದ್ರೆ ಮತ್ತೆ ಬರಂಗಿಲ್ವಲ್ಲ,” ಎಂದಳು ಕೊನೆಗೆ, ತನಗೆ ತಾನೇ ಹೇಳಿಕೊಂಡಂತೆ. “ನಂಗೆ ಅದನ್ನ ಒಂದ್ಸಲ ಅಂದ್ರೆ ಸಾಲ್ದು. ಈ ಕೈ ನಂಗೆ ಅನ್ನ ಆಕೋದು. ಅದನ್ನ ಉಳಿಸಿಕೊಟ್ಟೋರ ಮುಂದೆ ದಿನಾ ಅನ್ಬೇಕು ಅನ್ನಿಸ್ತದೆ.”

ಪ್ರಭುಸ್ವಾಮಿ ಬಿಚ್ಚಿದ ಬಟ್ಟೆಯನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. “ಬೆಳಗ್ಗೆ ನಿಮ್ಮ ಬಾವು ಇಳಿದಿರ್ಬಾರ್ದು ಅಂದ್ಕಂಡೆ. ಮದ್ದು ಕೊಡೋನು ಅಂಗೆ ಅಂದ್ಕಬಾರ್ದು. ಆದ್ರೂ ಅಂದ್ಕಂಡೆ.”

“ಅದ್ಕೇ ಗಳಿಗೆಗಟ್ಲೆ ಬಿಚ್ತಿದ್ಯಾ ಕಳ್ಳ,” ಎಂದಳು ಶಿವನಂಜಮ್ಮ. “ಕ್ಯೋಳು ಕೂಸು, ಆ ಕಟ್ಟಳೆ ಮದ್ದಿಗೆ ಬಂದೋರ್ಗೆ. ಮನೆ ತುಂಬೋ ಸೊಸೆಗಲ್ಲ.”

ಅಷ್ಟರಲ್ಲಿ ಬಾಗಿಲಿಗೆ ಆಟೋ ಬಂತು. ಹನೂರು ಕಡೆಯ ಮುದುಕರೊಬ್ಬರು ಊದಿದ ಮಂಡಿ ಹಿಡಿದು ಇಳಿಯುತ್ತಿದ್ದರು.

“ಎಣ್ಣೆ ಕಾಯ್ಸೋಗವ್ವ,” ಎಂದಳು ಅಜ್ಜಿ.

ಮಾಲಿನಿ ಒಳಗೆ ಹೋಗಿ ಒಲೆ ಹಚ್ಚಿದಳು. ಬಲಗೈಯಲ್ಲೇ ಎಣ್ಣೆ ಸುರಿದಳು. ಸೊಪ್ಪು ತಂದ ಪ್ರಭುಸ್ವಾಮಿ ಪಕ್ಕದಲ್ಲಿ ನಿಂತ.

“ಮುಂದಿನ ಭಾನುವಾರ ನಿಮ್ಮ ಅಪ್ಪಾಜೀನ ಕಾಣಕ್ಕೆ ಬರ್ಲಾ?”

“ಭಾನುವಾರ ಇಲ್ಲಿ ಜನ ಇರ್ತಾರೆ,” ಎಂದಳು ಅವಳು, ಎಣ್ಣೆಯಿಂದ ಕಣ್ಣು ಕೀಳದೆ. “ನಾಳೇನೇ ಬನ್ನಿ.”