ಸಹಿಯಿಲ್ಲದ ಹೆಸರುಗಳು

ಬಾಗಿಲಲ್ಲಿ ಸ್ಮರಾಂಡ ನಿಂತಿದ್ದಳು.

ಮತದಾರರ ಪಟ್ಟಿ ಮುಂದಿಟ್ಟುಕೊಂಡು ಕೂತಿದ್ದ ಇಲಿಂಕ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಇಪ್ಪತ್ತು ದಿನದಿಂದ ಒಂದು ಫೋನಿಲ್ಲ, ಒಂದು ಮೆಸೇಜಿಲ್ಲ. ಈ ಭಾನುವಾರ ಚರ್ಚಿನಿಂದ ನೇರವಾಗಿ, ತಾಯಿಯ ಕೈ ಹಿಡಿದು ಮತಗಟ್ಟೆಗೇ ಬಂದಿದ್ದಾಳೆ!

ಇವಳೂ ವೋಟು ಹಾಕ್ತಾಳಾ...?

ಮದುವೆಯೆಂದರೆ ಗಂಡು ಹೆಣ್ಣಿನದು ಮಾತ್ರ ಎಂದು ರೊಮೇನಿಯಾದ ಸಂವಿಧಾನದಲ್ಲಿ ಬರೆಯಬೇಕೇ ಎಂದು ಎರಡು ದಿನದಿಂದ ಜನರನ್ನು ಕೇಳುತ್ತಿದ್ದರು. ನೂರಕ್ಕೆ ಮೂವತ್ತು ಜನ ಬಾರದಿದ್ದರೆ ಎಲ್ಲ ರದ್ದು. ಪಟ್ಟಿಯಲ್ಲಿ ಸಹಿ ಹಾಕಿದವರೆಲ್ಲ ಆ ಲೆಕ್ಕಕ್ಕೆ ಸೇರುತ್ತಾರೆ, ಒಳಗೆ ‘ಬೇಡ’ ಎಂದು ಮುದ್ರೆ ಒತ್ತಿದರೂ ಅಷ್ಟೇ. ಅದಕ್ಕೇ ಇಲಿಂಕ-ಸ್ಮರಾಂಡರಂಥ ಜೋಡಿಗಳೆಲ್ಲ ಮನೆಯಲ್ಲೇ ಕೂರುವುದೆಂದು ತೀರ್ಮಾನಿಸಿದ್ದರು. ಇಲಿಂಕ ಮಾತ್ರ ಮತಗಟ್ಟೆಯ ಕೆಲಸ ಒಪ್ಪಿಕೊಂಡಳು. ಶಾಲೆಯ ಟೀಚರ್ ಅವಳು, ಹೆಡ್‌ಮಾಸ್ಟರಿಗೆ ಇಲ್ಲವೆನ್ನುವ ಧೈರ್ಯವಿರಲಿಲ್ಲ.

"ನಮಗೇ ಗುಂಡಿ ತೋಡ್ತಿದಾರೆ. ನೀನು ಹೋಗಿ ಗುದ್ದಲಿ ಕಾಯ್ತೀಯಾ?" ಎಂದು ಹೋದ ಸ್ಮರಾಂಡ ತಿರುಗಿ ನೋಡಿರಲಿಲ್ಲ.

ತಾಯಿ ವೆತೂರಿಯ ತಮ್ಮ ಗುರುತಿನ ಚೀಟಿ ಚಾಚಿದರು. ಮಗಳ ವಿಷಯ ಅವರಿಗೆ ಗೊತ್ತಿತ್ತು, ಗೊತ್ತಿದೆಯೆಂದು ಎಂದೂ ಬಾಯಿಬಿಟ್ಟವರಲ್ಲ. ಎಲ್ಲರೂ ಹೋಗಲೇಬೇಕೆಂದು ಪಾದ್ರಿಗಳು ಹೇಳಿದ್ದರಂತೆ. ಮಂಡಿನೋವೆಂದು ಮಗಳನ್ನು ಆಸರೆಗೆ ಕರೆತಂದಿದ್ದರು.

ಸ್ಮರಾಂಡಳ ಕೈಯಲ್ಲಿ ಚೀಟಿಯಿರಲಿಲ್ಲ. ಇಲಿಂಕಳಿಗೆ ಹೋದ ಜೀವ ಬಂದಂತಾಯಿತು.

ಪಟ್ಟಿ ತೆರೆದು ಪೆನ್ನು ಕೊಟ್ಟಳು. ಬೀದಿಯ ಪ್ರಕಾರ ಬರೆದ ಪಟ್ಟಿ. ವೆತೂರಿಯ, ಅವರ ಕೆಳಗೆ ಸ್ಮರಾಂಡ, ಎರಡು ಮನೆ ದಾಟಿದರೆ ಇಲಿಂಕ.

ಸ್ಮರಾಂಡ ಬಗ್ಗಿ ನೋಡಿದಳು. ತನ್ನ ಹೆಸರಿನ ಮುಂದಿನಂತೆಯೇ ಇಲಿಂಕಳ ಹೆಸರಿನ ಮುಂದೆಯೂ ಸಹಿಯ ಜಾಗ ಖಾಲಿಯಿತ್ತು.

"ಎರಡು ದಿನ ಇದರ ಮುಂದೇನೇ ಕೂತಿದೀಯ... ಸಹಿ ಹಾಕಿಲ್ವಾ?"

"ಹೆಡ್‌ಮಾಸ್ಟರು ನಾಲ್ಕು ಸಲ ಹೇಳಿದ್ರು," ಇಲಿಂಕ ತಲೆಯೆತ್ತಲಿಲ್ಲ. "ನಾಲ್ಕು ಸಲಾನೂ ಆಗಲ್ಲ ಅಂದೆ."

ವೆತೂರಿಯ ಆ ಎರಡು ಖಾಲಿ ಜಾಗಗಳನ್ನು ತುಂಬಾ ಹೊತ್ತು ನೋಡಿದರು. ಪೆನ್ನು ಅವರ ಹೆಸರಿನ ಹತ್ತಿರವೇ ನಿಂತಿತ್ತು. ಈ ಸಹಿ ಬಿದ್ದರೆ ತನ್ನ ಮಗಳು ತನಗುಳಿಯುವಳೇ ಎಂಬ ಭಯ ಆ ಮುಖದಲ್ಲಿ ಇಲಿಂಕಳಿಗೆ ಮೊದಲ ಬಾರಿ ಕಂಡಿತು.

ಅವರು ಪೆನ್ನು ಕೆಳಗಿಟ್ಟರು.

"ಕನ್ನಡಕ ಮನೇಲೇ ಮರೆತು ಬಂದಿದೀನಿ. ಒಂದಕ್ಷರಾನೂ ಕಾಣ್ತಿಲ್ಲ."

ಕನ್ನಡಕ ಅವರ ಮೂಗಿನ ಮೇಲೇ ಇತ್ತು.

ಚೀಟಿ ತೆಗೆದುಕೊಂಡು ಹೊರಟವರು ಬಾಗಿಲಲ್ಲಿ ನಿಂತರು.

"ಎಲೆಕೋಸಿನ ಸಾರ್ಮಾಲೆ ಮಾಡಿದೀನಿ ಇಲಿಂಕ. ಮೂರು ತಟ್ಟೆ ಇಡ್ತೀನಿ. ಊಟಕ್ಕೆ ಬಿಟ್ಟಾಗ ಬಂದ್ಬಿಡು ಮಗಳೇ."

ಹತ್ತು ವರ್ಷದಲ್ಲಿ ಆ ಮನೆಯಿಂದ ಬಂದ ಮೊದಲ ಕರೆ ಅದು. ಇಲಿಂಕಳ ಕಣ್ಣು ತುಂಬಿ ಪಟ್ಟಿಯ ಅಕ್ಷರಗಳು ಮಸುಕಾದವು.

ಸ್ಮರಾಂಡ ಮೇಜಿನ ಮೇಲಿದ್ದ ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. "ಗುದ್ದಲಿ ಅಂದಿದ್ದು ತಪ್ಪಾಯ್ತು ಕಣೇ. ನೀನಿಲ್ದೆ ನಂಗೆ ಆಗಲ್ಲ."

"ಕೈ ಬಿಡೇ... ಊರವರೆಲ್ಲ ನೋಡ್ತಾರೆ."

ಸ್ಮರಾಂಡ ಮತದಾರರಿಲ್ಲದೆ ಬರಿದಾಗಿದ್ದ ಕೋಣೆಯನ್ನೊಮ್ಮೆ ಸುತ್ತ ನೋಡಿದಳು.

"ಎಲ್ಲಿದಾರೆ? ಊರಿಗೆ ಊರೇ ಮನೇಲಿ ಕೂತಿದೆ."

ಇಲಿಂಕ ಕೈ ಬಿಡಿಸಿಕೊಳ್ಳಲಿಲ್ಲ.