ಅಂಪೈರ್ ಕೂಗಿದ ಹೆಸರು

"ಆಡೋ ಯೋಗ್ಯತೆ ಇಲ್ದೋರು ಏಣಿ ಹತ್ತಿ ಕೂತ್ಕೊಂಡು ಆಡೋರ ಹೊಟ್ಟೆ ಮೇಲೆ ಹೊಡೀತಾರೆ! ಕೆಳಗಿಳಿದು ಬಂದು ಒಂದೇ ಒಂದು ಸರ್ವ್ ಮಾಡಿ ತೋರ್ಸಿ ಮೇಡಂ, ನೋಡೇಬಿಡೋಣ!"

ಸ್ವಾನ್ ಹಿಲ್ ಊರಿನ ಆ ಹುಲ್ಲಿನ ಟೆನಿಸ್ ಕೋರ್ಟ್ ಸುತ್ತ ಕೂತಿದ್ದವರೆಲ್ಲ ತಿರುಗಿ ನೋಡಿದರು. ಆಮೇಲೆ ಯಾರೋ ಒಬ್ಬ ಕಿಸಕ್ಕನೆ ನಕ್ಕ. ನಗು ಸಾಲಿನಿಂದ ಸಾಲಿಗೆ ಹರಡಿತು.

ಎತ್ತರದ ಕುರ್ಚಿಯಲ್ಲಿ ಕೂತಿದ್ದ ಮರಿಯೆಟ್ಟಾ ಜಾಪಿಯಾಳ ಕಿವಿ ಬಿಸಿಯಾಯಿತು. ಅವಳಿಗೂ ಒಂದು ಕಾಲದಲ್ಲಿ ಆಡುವ ಕನಸಿತ್ತು. ಹದಿನೇಳಕ್ಕೇ ಆ ಕನಸು ಮುಗಿದಿತ್ತು. ಕೆಳಗೆ ನಿಂತು ಬೈದ ಆಟಗಾರನಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಸರಿಯಾಗಿ ಅಲ್ಲಿಗೇ ಇರಿದಿದ್ದ!

'ಅಳಬೇಡ ಮರಿಯೆಟ್ಟಾ... ಅಂಪೈರ್‌ಗೆ ಮುಖ ಇರಬಾರದು.'

"ಮಿಸ್ಟರ್ ಹ್ಯಾನಿಗನ್, ನಿಮ್ಮ ಕಾಲು ಗೆರೆ ತುಳಿದಿತ್ತು. ಫೂಟ್ ಫಾಲ್ಟ್. ಕೊನೆಯ ಪಾಯಿಂಟ್ ಎದುರಾಳಿಗೆ. ಪಂದ್ಯ ಮುಗಿದಿದೆ," ಎಂದಳು ಮೈಕಿನಲ್ಲಿ. ದನಿ ನಡುಗಲಿಲ್ಲ. ಅವನ ಬೈಗುಳಕ್ಕೆ ದಂಡವನ್ನೂ ಹಾಕಿದಳು.

ರೋರಿ ಹ್ಯಾನಿಗನ್ ರಾಕೆಟ್ ಬ್ಯಾಗನ್ನು ಹೆಗಲಿಗೆ ಎಸೆದುಕೊಂಡು ಹೋಗಿಬಿಟ್ಟ.

ಇವನೇನು ಬೀದಿಯಲ್ಲಿ ಹೋಗುವವನಲ್ಲ. ಇಪ್ಪತ್ತನೇ ವಯಸ್ಸಿಗೇ ವಿಶ್ವದ ಮೊದಲ ನೂರರೊಳಗೆ ನುಗ್ಗಿದ್ದವನು. ಅವನು ತಿಂಡಿಗೆ ಏನು ತಿಂದ ಎಂದು ಪೇಪರಿನಲ್ಲಿ ಬರೆದಿದ್ದೇ ಬರೆದಿದ್ದು. ಮಣಿಕಟ್ಟಿನ ಆಪರೇಷನ್ ಮಾಡಿಸಿಕೊಂಡು ಮಲಗಿದಾಗ, ಇವನು ಇದ್ದಾನಾ ಸತ್ತನಾ ಎಂದು ಅದೇ ಜನ ಕೇಳಲಿಲ್ಲ. ಬೆಳೆಸಿದ ಕೋಚ್ ಲೋಮ್ಯಾಕ್ಸ್ ಆಸ್ಪತ್ರೆಗೆ ಹೂವು ಕಳಿಸಿದ. ಆ ಹೂವು ಬಾಡುವ ಮೊದಲೇ ಅಕಾಡೆಮಿಯಲ್ಲಿ ಇವನ ಜಾಗಕ್ಕೆ ಇನ್ನೊಬ್ಬನನ್ನು ತಂದು ನಿಲ್ಲಿಸಿದ. ಥೂ, ಇಂಥವರ ಹೂವಿಗಿಷ್ಟು!

ಈಗ ಇಪ್ಪತ್ತೆಂಟು. ಹಳೇ ಪಿಕಪ್ ಗಾಡಿಯಲ್ಲಿ ಊರಿಂದೂರಿಗೆ ಅಲೆದು, ಯಾರದೋ ಮನೆಯ ಶೆಡ್ಡಿನಲ್ಲಿ ಮಲಗಿ, ಶರಟನ್ನು ತಾನೇ ಒಗೆದು ಬೇಲಿಗೆ ಹರವಿ ಆಡುತ್ತಿದ್ದ. ಒಂದೊಂದು ಸೋಲೂ ಅವನಿಗೆ ಸಾವೇ.

ಆದರೂ... ಹಾಗಂತ ಹಾಗೆಲ್ಲ ಬೈಯಬಹುದಾ?!

ಮರುದಿನ ಬೆಳಿಗ್ಗೆ ಕ್ಲಬ್ಬಿನ ಕ್ಯಾಂಟೀನು ಆಟಗಾರರಿಂದ, ಅಧಿಕಾರಿಗಳಿಂದ ಗಿಜಿಗುಡುತ್ತಿತ್ತು. ಮರಿಯೆಟ್ಟಾ ಮೂಲೆಯಲ್ಲಿ ಚಹಾ ಹಿಡಿದು ಕೂತಿದ್ದಳು. ರೋರಿ ಒಳಗೆ ಬಂದ. ನೇರವಾಗಿ ಅವಳ ಮೇಜಿನ ಮುಂದೆ ಬಂದು ನಿಂತ. ಬೆವರಿನಲ್ಲಿ ತೊಯ್ದಿದ್ದ. ಒಂದು ಕಾಲಿನಲ್ಲಿ ಶೂ ಇರಲಿಲ್ಲ. ಅದು ಕೈಯಲ್ಲಿತ್ತು!

ಆ ಶೂವನ್ನು ಅವಳ ಚಹಾದ ಪಕ್ಕದಲ್ಲೇ ಇಟ್ಟ.

"ಏಯ್ ರೋರಿ, ಇಲ್ಲಿ ತಿಂತಾ ಇದ್ದೀವಿ ಕಣೋ!" ಯಾರೋ ಕಿರುಚಿದರು.

"ತಿನ್ನೋದು ಆಮೇಲೆ. ಎಲ್ರೂ ನೋಡಿ ಇಲ್ಲಿ." ಶೂವಿನ ಮೂತಿ ಬೆಳ್ಳಗಿತ್ತು. "ಗೆರೆಗೆ ಹೊಸದಾಗಿ ಸುಣ್ಣ ಹಾಕ್ಸಿ ಬೆಳಿಗ್ಗೆಯಿಂದ ಸರ್ವ್ ಮಾಡ್ತಾ ಇದ್ದೆ. ಪ್ರತಿ ಸಲ ತುಳೀತಾ ಇದ್ದೀನಿ. ಆಪರೇಷನ್ ಆದ್ಮೇಲೆ ಕೈ ನೋಯ್ಬಾರ್ದು ಅಂತ ಮುಂದಕ್ಕೆ ಬಾಗ್ತಾ ಬಾಗ್ತಾ... ನಂಗೇ ಗೊತ್ತಾಗಿರ್ಲಿಲ್ಲ."

ಉಸಿರು ಎಳೆದುಕೊಂಡ.

"ನಿನ್ನೆ ಎಲ್ರ ಮುಂದೆ ಬೈದೆ ಮೇಡಂ. ಮೂಲೇಲಿ ಕರೆದು ಸಾರಿ ಅಂದ್ರೆ ಅದು ಕಳ್ಳಾಟ ಆಗತ್ತೆ. ತಪ್ಪು ನಂದು. ನೀವು ಹೇಳಿದ್ದೇ ಸರಿ."

ಮರಿಯೆಟ್ಟಾ ಚಹಾದ ಲೋಟವನ್ನು ಇತ್ತ ಎಳೆದುಕೊಂಡಳು.

"ಮಿಸ್ಟರ್ ಹ್ಯಾನಿಗನ್... ಶೂ ತೆಗೀರಿ. ಚಹಾಗೆ ಸುಣ್ಣ ಬೀಳತ್ತೆ."

ಎಲ್ಲರೂ ಗೊಳ್ಳೆಂದರು. ಅವನೂ ನಕ್ಕ. ಆ ನಗು ನೋಡಿ ಅವಳ ಎದೆಯೊಳಗೆ ಏನೋ ಸಣ್ಣಗೆ ಕದಲಿತು.

'ಬೇಡ... ಇದು ಬೇಡ!'

ಆಟಗಾರನಿಗೂ ಅಂಪೈರ್‌ಗೂ ನಡುವೆ ನಮಸ್ಕಾರಕ್ಕಿಂತ ಹೆಚ್ಚಿಗೆ ಏನೂ ಇರಕೂಡದು. ಟೂರ್ನಿಯಿಂದ ಟೂರ್ನಿಗೆ ಇಬ್ಬರಿಗೂ ಅದೇ ಊರು, ಅದೇ ಕ್ಯಾಂಟೀನು, ಪೆಟ್ರೋಲ್ ಬಂಕಿನ ಅದೇ ಮಾಂಸದ ಪೈ. ಆದರೂ ಅವನು ಆ ಕಡೆಯ ಮೇಜು, ಇವಳು ಈ ಕಡೆಯ ಮೇಜು. ಬೇರೆಯವರ ಜೊತೆ ಕೂತೇ ಅವಳು ಅವನನ್ನು ನೋಡಿದಳು.

ಏನು ನೋಡಿದಳು? ಒಬ್ಬ ಮನುಷ್ಯ ತನ್ನ ಸರ್ವನ್ನು ಅ ಆ ಇ ಈಯಿಂದ ಮತ್ತೆ ಕಲಿಯುವುದನ್ನು ನೋಡಿದಳು. ಹೆಜ್ಜೆ ಹಿಂದಕ್ಕೆ ಇಟ್ಟು, ಚೆಂಡು ಬಲೆಗೆ ಬಿದ್ದು, ಮತ್ತೆ ಎತ್ತಿ, ಮತ್ತೆ ಬಿದ್ದು. ಬರ್ನಿಯ ಟೂರ್ನಿಯಲ್ಲಿ ಹತ್ತೊಂಬತ್ತರ ಹುಡುಗನೊಬ್ಬನ ಕೈಲಿ ಸೋತಾಗ, "ಅಜ್ಜ, ಮನೆಗೆ ಹೋಗಿ ಬೆಚ್ಚಗೆ ಮಲ್ಕೋ!" ಎಂದು ಜನ ಕೂಗಿದರು. ಅವನು ಕೋರ್ಟಿನಿಂದ ನೇರವಾಗಿ ಅಭ್ಯಾಸದ ಕೋರ್ಟಿಗೇ ಹೋದ. ಮಣಿಕಟ್ಟಿಗೆ ಐಸ್ ಕಟ್ಟಿಕೊಂಡು ಎಡಗೈಯಲ್ಲಿ ಚೆಂಡು ಹೆಕ್ಕುತ್ತಿದ್ದ.

ಆಗಸ್ಟಿಗೆ ಅಲ್ಲಿನ ಚಳಿಗಾಲ ಕಳೆಯುವಷ್ಟರಲ್ಲಿ ಸರ್ವ್ ಹದಕ್ಕೆ ಬಂತು. ಆಮೇಲೆ ಗೆದ್ದ. ಟ್ರಾರಲ್ಗನ್‌ನಲ್ಲಿ ಗೆದ್ದ. ಕೇರ್ನ್ಸ್‌ನ ಸೆಕೆಯಲ್ಲಿ ಗೆದ್ದ. ಅಜ್ಜ ಎಂದವರೇ ಸೆಲ್ಫಿಗೆ ಸಾಲು ನಿಂತರು. ಎಂಥ ಜನ ಸ್ವಾಮಿ!

ನವೆಂಬರಿನಲ್ಲಿ ಮಿಲ್ಡುರಾ. ಮರಿಯೆಟ್ಟಾಳ ಸ್ವಂತ ಊರು, ಅಪ್ಪನ ದ್ರಾಕ್ಷಿ ತೋಟದ ಊರು. ಇಲ್ಲಿ ಗೆದ್ದವನಿಗೆ ಜನವರಿಯ ಮೆಲ್ಬರ್ನ್ ದೊಡ್ಡ ಟೂರ್ನಿಗೆ ನೇರ ಪ್ರವೇಶ. ರೋರಿಗೆ ಇದು ಕೊನೆಯ ಬಾಗಿಲು. ಅವಳಿಗೂ ಇದು ದೊಡ್ಡ ಬಾಗಿಲೇ. ಫೈನಲ್‌ನ ಕುರ್ಚಿ ಅವಳಿಗೇ ಎಂದಾಗಿತ್ತು. ಅವಳ ಕೆಲಸ ನೋಡಲು ಮೇಲಿನವರು ಬರುತ್ತಿದ್ದರು. ಚೆನ್ನಾಗಿ ನಡೆಸಿದರೆ ಅಂತರರಾಷ್ಟ್ರೀಯ ಅಂಪೈರ್ ಎಂಬ ಬ್ಯಾಡ್ಜ್, ಆಮೇಲೆ ಇಡೀ ಪ್ರಪಂಚ!

ಆದರೆ ಸೆಮಿಫೈನಲ್‌ನಲ್ಲಿ ಅದು ಆಗಿಹೋಯಿತು.

ರೋರಿ ಹೊಡೆದ ಚೆಂಡು ಪಕ್ಕದ ಗೆರೆಯ ಆಚೆ ಬಿತ್ತು. ಅವಳು ಸ್ಪಷ್ಟವಾಗಿ ನೋಡಿದಳು. "ಔಟ್!" ಎಂದಳು ಕೂಡ. ಆದರೆ ಆ ಮಾತು ಬಾಯಿಗೆ ಬರುವ ಮೊದಲು, ಕಣ್ಣು ಮಿಟುಕಿಸುವಷ್ಟು ಹೊತ್ತು...

'ಒಳಗೆ ಬಿದ್ದಿರಲಿ ದೇವರೇ!'

ಯಾರಿಗೂ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು.

ಪಂದ್ಯ ಮುಗಿದ ಕೂಡಲೇ ಮುಖ್ಯ ರೆಫರಿ ಗ್ವೆನ್ ಟ್ರೆಲೋರ್‌ಳ ಕೋಣೆಗೆ ಹೋದಳು. ಗ್ವೆನ್ ನಲವತ್ತು ವರ್ಷದಿಂದ ಆಟಗಾರರ ಕೂಗಾಟ ಕೇಳಿ ಕೇಳಿ ಪಳಗಿದ ಹೆಂಗಸು.

"ನಾಳೆ ಫೈನಲ್‌ಗೆ ನಾನು ಕೂತ್ಕೊಳ್ಳಲ್ಲ, ಗ್ವೆನ್."

"ತಲೆ ಕೆಟ್ಟಿದ್ಯಾ? ಯಾಕೆ?"

"ಹ್ಯಾನಿಗನ್... ಅವರ ಮೇಲೆ ನಂಗೆ... ಮನಸ್ಸಾಗಿದೆ."

ಗ್ವೆನ್ ಕನ್ನಡಕ ತೆಗೆದಳು. "ಏನಾದ್ರೂ ನಡೆದಿದ್ಯಾ?"

"ಇಲ್ಲ. ಒಂದು ಕಾಫಿ ಕೂಡ ಕುಡ್ದಿಲ್ಲ."

"ಅವನಿಗೆ ಗೊತ್ತಾ?"

"ಇಲ್ಲ."

"ಮತ್ತೆ ಬಾಯಿ ಮುಚ್ಕೊಂಡು ನಾಳೆ ಒಂದಿನ ಕೂತು, ಬ್ಯಾಡ್ಜ್ ಇಸ್ಕೊಂಡು ಆಮೇಲೆ ಪ್ರೀತಿ ಮಾಡಬಾರ್ದೇನೇ ಹುಡುಗಿ! ಯಾರಿಗೆ ಗೊತ್ತಾಗತ್ತೆ?"

"ನಂಗೆ ಗೊತ್ತಾಗತ್ತಲ್ಲ, ಗ್ವೆನ್."

ಗ್ವೆನ್ ಕನ್ನಡಕ ಮತ್ತೆ ಹಾಕಿಕೊಂಡಳು. ಆಮೇಲೆ ಕೈ ಚಾಚಿದಳು. "ಅಂಪೈರ್ ಟೋಪಿ ಕೊಡು. ಈ ವಾರದ ಕೆಲ್ಸ ನಿಂಗೆ ಮುಗೀತು. ಕಾರಣ ನನ್ನ ಹೊಟ್ಟೇಲೇ ಇರತ್ತೆ. ಹೋಗು, ನನ್ನೂ ಅಳಿಸ್ಬೇಡ."

ಫೈನಲ್‌ನ ದಿನ ಅವಳು ಹಸಿರು ಹೂವಿನ ಫ್ರಾಕ್ ತೊಟ್ಟು ಗೇಟಿನ ಹತ್ತಿರ ಬಂದಾಗ ರೋರಿ ದಾರಿಗೆ ಅಡ್ಡ ನಿಂತ. ಮುಖ ಬಿಳಿಚಿತ್ತು.

"ನನ್ನ ಮ್ಯಾಚ್ ಬೇಡ ಅಂದ್ರಂತೆ?"

"ಯಾರು ಹೇಳಿದ್ರು?"

"ಲೋಮ್ಯಾಕ್ಸ್. ಇವತ್ತು ಆ ಕಡೆ ಆಡ್ತಿರೋ ಹ್ಯೂಗೊ ಅವನ ಅಕಾಡೆಮಿಯ ಹುಡುಗ. ನಿನ್ನೆ ನೀವು ಗ್ವೆನ್ ಕೋಣೆಯಿಂದ ಟೋಪಿ ಬಿಟ್ಟು ಬಂದಿದ್ದು, ಇವತ್ತು ಅಂಪೈರ್ ಹೆಸರು ಬದಲಾಗಿದ್ದು, ಎರಡೂ ನೋಡ್ಕೊಂಡೇ ಓಡಿಬಂದು ಹೇಳ್ದ. 'ನಿನ್ನ ಕಾಲಿನ ಮೇಲೆ ಅಂಪೈರ್‌ಗೂ ನಂಬಿಕೆ ಇಲ್ಲ ಮಗಾ' ಅಂದ." ಅವನ ದನಿ ಒಡೆಯಿತು. "ನಾನು ಅವನ ಮಾತು ನಂಬ್ಬಾರ್ದು ಅಂದ್ಕೊಂಡೆ. ಆದ್ರೆ ನೀವೇ ಹೋಗಿ ಕೇಳ್ಕೊಂಡ್ರಂತಲ್ಲ. ನಿಜಾನಾ?"

"ನಿಜ. ಆದ್ರೆ..."

'ಹೇಳಿಬಿಡಲಾ? ಕೋರ್ಟಿಗೆ ಇಳಿಯುವ ಗಳಿಗೆಯಲ್ಲಿ ಇವನ ತಲೆಗೆ ಇದನ್ನು ತುಂಬಲಾ? ಸೋತುಬಿಟ್ಟರೆ?'

"ಆದ್ರೆ ಏನು?"

"ಪಂದ್ಯ ಮುಗೀಲಿ, ಹೇಳ್ತೀನಿ."

"ಬೇಡ ಬಿಡಿ. ಇಷ್ಟು ತಿಂಗಳು ಒಂದೊಂದು ಸರ್ವ್‌ಗೂ, ಆ ಕುರ್ಚಿ ಮೇಲಿರೋರು ತಲೆ ಆಡಿಸ್ಲಿ ಅಂತಾನೇ ಆಡ್ದೆ. ನಾನೊಬ್ಬ ಪೆದ್ದ!"

ಅವನು ಹೋದ. ಅವಳು ಅಪ್ಪ ಕೂತಿದ್ದ ಸಾಲಿನ ಕಡೆ ನಡೆದಳು.

ಮೊದಲ ಸೆಟ್ ಬೆಣ್ಣೆ ಕರಗಿದ ಹಾಗೆ ಕರಗಿಹೋಯಿತು. ರೋರಿ ಚೆಂಡನ್ನು ನೋಡುತ್ತಲೇ ಇರಲಿಲ್ಲ. ಸರ್ವ್ ಮಾಡುವಾಗ ತನ್ನ ಪಾದವನ್ನೇ ನೋಡಿಕೊಳ್ಳುತ್ತಿದ್ದ. ಲೋಮ್ಯಾಕ್ಸ್ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಮುಗುಳ್ನಗುತ್ತಿದ್ದ.

ಮರಿಯೆಟ್ಟಾ ಅಪ್ಪನ ಪಕ್ಕ ಕೂತು ಫ್ರಾಕಿನ ಅಂಚು ಹಿಂಡುತ್ತಿದ್ದಳು.

"ನೀನ್ಯಾಕೆ ಇಲ್ಲಿದ್ದೀಯ ಮಗಳೇ? ಮೇಲೆ ಇರ್ಬೇಕಿತ್ತಲ್ವಾ?" ಕೇಳಿದ ವಿನ್ಸ್ ಜಾಪಿಯಾ.

"ಬಿಟ್ಟುಕೊಟ್ಟೆ ಅಪ್ಪಾ."

ವಿನ್ಸ್ ಅವಳ ಮುಖ ನೋಡಿದ. ಅವಳ ಕಣ್ಣು ಹೋದ ಕಡೆ ನೋಡಿದ. "ಓಹೋಹೋ... ಅವನಾ? ಊರೆಲ್ಲಾ ನೋಡೋ ಹಾಗೆ ನಿನ್ನ ಬೈದನಲ್ಲ, ಅವನಾ?"

"ಹೂಂ."

"ಈ ಊರಲ್ಲಿ ದ್ರಾಕ್ಷಿ ಬೆಳೆಯೋ ಗಂಡು ಒಂದೂ ಸಿಗ್ಲಿಲ್ವೇನೇ ನಿಂಗೆ!" ತಲೆ ಕೊಡವಿದ. "ಹೋಗ್ಲಿ, ಸೋಲ್ತಾ ಇದ್ದಾನಲ್ಲ. ಕೂಗು ಮತ್ತೆ. ಸುಮ್ನೆ ಕೂತ್ರೆ ಗೆಲ್ತಾನಾ?"

ಕೂಗುವುದು! ಅವಳು ಕೂಗುವುದನ್ನೇ ಮರೆತಿದ್ದಳು. ಒಳ್ಳೆಯ ಹೊಡೆತಕ್ಕೆ ಚಪ್ಪಾಳೆ ತಟ್ಟಿ ಎಷ್ಟು ವರ್ಷವಾಗಿತ್ತೋ. ಕುರ್ಚಿ ಹತ್ತಿದವರು ಕೈ ತಟ್ಟುವಂತಿಲ್ಲ, ಹುಬ್ಬು ಏರಿಸುವಂತಿಲ್ಲ, ಯಾರ ಹೆಸರನ್ನೂ ಅಕ್ಕರೆಯಿಂದ ಕರೆಯುವಂತಿಲ್ಲ. ಆದರೆ ಈಗ ತಲೆಯ ಮೇಲೆ ಟೋಪಿ ಇಲ್ಲ...

ಎರಡನೇ ಸೆಟ್‌ನಲ್ಲೂ ಅವನು ಹಿಂದೆ ಬಿದ್ದಿದ್ದ. ಸರ್ವ್ ಮಾಡಲು ಗೆರೆಯ ಹತ್ತಿರ ಬಂದ. ಚೆಂಡನ್ನು ನೆಲಕ್ಕೆ ಕುಟ್ಟಿದ. ಮತ್ತೆ ಪಾದ ನೋಡಿದ.

ಮರಿಯೆಟ್ಟಾ ಎದ್ದು ನಿಂತಳು.

"ರೋರೀ!!"

ಇಡೀ ಮೈದಾನ ತಿರುಗಿತು. ಅವಳ ಬಾಯಲ್ಲಿ ಇಷ್ಟು ದಿನ ಅವನು ಬರೀ 'ಮಿಸ್ಟರ್ ಹ್ಯಾನಿಗನ್'. ಆ ಹೆಸರು ಅವಳ ಗಂಟಲಿನಿಂದ ಹೊರಬಿದ್ದದ್ದು ಇದೇ ಮೊದಲು.

"ಕಾಲು ಸರಿ ಇದೆ ರೋರೀ! ಹೊಡಿ! ನಾನು ಇಲ್ಲಿದ್ದೀನಿ... ನಿನ್ನ ಕಡೆ ಇದ್ದೀನಿ!"

ಕೋರ್ಟಿನ ಪಕ್ಕದಲ್ಲಿದ್ದ ಗ್ವೆನ್ ಮುಖ ತಿರುಗಿಸಿಕೊಂಡು ಜೋರಾಗಿ ಮೂಗು ಸೀಟಿದಳು. ಎಲ್ಲರೆದುರು ಕಲ್ಲಿನ ಹಾಗೆ ಕೂರುತ್ತಿದ್ದ ಹುಡುಗಿ ಎಲ್ಲರೆದುರೂ ನಿಂತು, ಕಣ್ಣೀರು ಸುರಿಸುತ್ತಾ ಚಪ್ಪಾಳೆ ತಟ್ಟುತ್ತಿದ್ದಳು!

ರೋರಿಯ ಕೈಯಿಂದ ಚೆಂಡು ಜಾರಿತು. ಅಂಪೈರ್ ಒಬ್ಬಳು ಯಾವಾಗ ಪಂದ್ಯ ಬಿಟ್ಟುಕೊಡುತ್ತಾಳೆ? ಆಡುವವನು ತನಗೆ ಬೇಕಾದವನಾದಾಗ. ಇಷ್ಟು ವರ್ಷ ಆಡಿದವನಿಗೆ ಆ ನಿಯಮ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ತನ್ನ ವಿಷಯದಲ್ಲಿ ಅದು ನಿಜವಾಗಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಚೆಂಡು ಎತ್ತಿಕೊಂಡ. ಪಾದ ನೋಡಲಿಲ್ಲ. ಆಕಾಶ ನೋಡಿದ. ಹೊಡೆದ!

ಹ್ಯೂಗೊ ಆ ಸರ್ವನ್ನು ಮುಟ್ಟಲೂ ಇಲ್ಲ.

ಆಮೇಲಿನ ಆಟ ನೋಡಿದವರೇ ಪುಣ್ಯವಂತರು. ಮಣಿಕಟ್ಟು ಊದಿತು, ಹಲ್ಲು ಕಚ್ಚಿ ಆಡಿದ. ಹುಲ್ಲಿನ ಮೇಲೆ ಬಿದ್ದ, ಮೊಣಕಾಲಿನಲ್ಲಿ ರಕ್ತ, ಎದ್ದು ಮುಂದಿನ ಚೆಂಡಿಗೆ ಓಡಿದ. ಮೆಲ್ಬರ್ನ್‌ನ ಎಸಿ ಕೋಣೆಗಳಲ್ಲಿ ಕೂತು ಇವನ ಕಥೆ ಮುಗೀತು ಎಂದವರು ಬಂದು ನೋಡಬೇಕಿತ್ತು! ಎರಡನೇ ಸೆಟ್ ಕಿತ್ತುಕೊಂಡ. ಮೂರನೆಯದನ್ನು ಗೆದ್ದ.

ಗೆದ್ದವನು ರಾಕೆಟ್ ಎಸೆಯಲಿಲ್ಲ, ಕುಣಿಯಲಿಲ್ಲ. ಹ್ಯೂಗೊನ ಕೈ ಕುಲುಕಿ, ಬ್ಯಾಗ್ ಹೆಗಲಿಗೇರಿಸಿ, ನೇರವಾಗಿ ಬೇಲಿಯ ಹತ್ತಿರ ಬಂದ.

"ಪಂದ್ಯ ಮುಗೀತು. ಹೇಳ್ತೀನಿ ಅಂದಿದ್ರಿ."

"ಕೂಗಿದ್ನಲ್ಲ... ಕೇಳಿಸ್ಲಿಲ್ವಾ?"

"ಇಡೀ ಮಿಲ್ಡುರಾಗೆ ಕೇಳಿಸ್ತು. ನಂಗೊಬ್ಬನಿಗೇ ಕೇಳೋ ಹಾಗೆ ಹೇಳಿ."

ಅವಳು ಬೇಲಿಯ ಮೇಲಿಂದ ಬಾಗಿ ಅವನ ಕಿವಿಯಲ್ಲಿ ಹೇಳಿದಳು. ಅವನು ಕಣ್ಣು ಮುಚ್ಚಿಕೊಂಡ.

"ನಂಗೂ..." ಎಂದ ಮೆಲ್ಲಗೆ. "ಶೂ ತೆಗೀರಿ ಅಂದ್ರಲ್ಲ, ಅವತ್ತಿಂದ. ಆದ್ರೆ ನಿಮ್ಮ ಬ್ಯಾಡ್ಜ್ ಹೋಯ್ತಲ್ಲ, ಮರಿಯೆಟ್ಟಾ?"

"ಹೋಗಿಲ್ಲ, ಮುಂದಕ್ಕೆ ಹೋಯ್ತು ಅಷ್ಟೇ. ನೀನಿಲ್ಲದ ಕೋರ್ಟಲ್ಲಿ ಕೂತು ತಗೋತೀನಿ. ನೀನಿರೋ ಕೋರ್ಟಿಗೆ ಟಿಕೆಟ್ ಕೊಂಡು ಬರ್ತೀನಿ."

"ಟಿಕೆಟ್ ನಾನೇ ಕೊಡಿಸ್ತೀನಿ ಮಾರಾಯ್ತಿ!"

"ಮೊದ್ಲು ಆ ಮೊಣಕಾಲು ತೊಳ್ಕೋ. ಅಪ್ಪ ನೋಡ್ತಿದ್ದಾರೆ."

ಅಷ್ಟರಲ್ಲಿ ಟಿವಿಯವರು ಕ್ಯಾಮೆರಾ ಹಿಡಿದು ಬಂದರು. ಅವರಿಗಿಂತ ಮುಂದೆ ಲೋಮ್ಯಾಕ್ಸ್! ಅವರ ಮೈಕನ್ನು ತಾನೇ ಕಿತ್ತುಕೊಂಡು ರೋರಿಯ ಹೆಗಲ ಮೇಲೆ ಕೈ ಹಾಕಿದ.

"ನಮ್ಮ ಹುಡುಗ! ಚಿಕ್ಕವನಿದ್ದಾಗಿಂದ ನಾನೇ ಬೆಳೆಸಿದ್ದು! ಮೆಲ್ಬರ್ನ್‌ಗೆ ನಮ್ಮ ಅಕಾಡೆಮಿ ಹೆಸರಲ್ಲೇ ಆಡ್ತೀಯಲ್ವಾ ಮಗಾ? ಹೇಳು ಜನಕ್ಕೆ!"

ಕ್ಯಾಮೆರಾ ಕಾದಿತ್ತು.

ರೋರಿ ಹೆಗಲ ಮೇಲಿದ್ದ ಕೈಯನ್ನು ನೋಡಿದ. ಅದನ್ನು ನಿಧಾನವಾಗಿ, ಶರಟಿನ ಮೇಲಿನ ಹುಲ್ಲು ತೆಗೆಯುವ ಹಾಗೆ, ತೆಗೆದು ಪಕ್ಕಕ್ಕಿಟ್ಟ. ಬೇಲಿಯ ಗೇಟು ತೆರೆದು ಮರಿಯೆಟ್ಟಾಳ ಕೈ ಹಿಡಿದ.

"ಮಗಾ, ಏನಾದ್ರೂ ಹೇಳೋ!"

ಅವನು ತಿರುಗಿಯೂ ನೋಡದೆ ನಡೆದುಬಿಟ್ಟ.