ಯಾರ ಆಯಿ ಬರಬೇಕಿತ್ತು?

ಸೋನ್ಯಾಳದ ಶಾಲೆಯ ಪಡಸಾಲೆಯಲ್ಲಿ ಇಷ್ಟೊಂದು ಊರುಗೋಲುಗಳನ್ನು ಸಂಗವ್ವ ಎಂದೂ ಒಟ್ಟಿಗೆ ನೋಡಿರಲಿಲ್ಲ. ಕೋಲುಗಳ ಒಡತಿಯರು ಎಲೆ ಅಡಿಕೆಯ ಚೀಲ ಬಿಚ್ಚಿಕೊಂಡು, ಮದುವೆ ಮನೆಗೆ ಬಂದವರ ಹಾಗೆ ಕುಳಿತಿದ್ದರು.

ಡಾಕ್ಟರ್ ವತ್ಸಲಾಬಾಯಿ ಮಾತ್ರ ಅವರ ಹಿಂದೆ ಮುಂದೆ ಹುಡುಕುತ್ತಿದ್ದರು.

“ಸಂಗವ್ವಾ, ಕೂಸು ಎಲ್ಲಿ? ಕೂಸಿನ ಆಯಿ ಎಲ್ಲಿ?”

“ಇಲ್ಲೇ ಅದಾರಲ್ರಿ ಬಾಯಾರ! ‘ಎಲ್ಲಾರ ಆಯಿ ಕರಕೊಂಡ ಬಾ’ ಅಂತ ನೀವ ಹೇಳಿದ್ರಲ್ರಿ. ಈಕಿ ನಮ್ಮ ಆಯಿ, ಆಕಿ ಹಾಲವ್ವನ ಆಯಿ...”

ವತ್ಸಲಾಬಾಯಿಯ ಜೊತೆಗಾರ ರಮಾಕಾಂತ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. ಸಂಗವ್ವನಿಗೆ ಆಗ ತಿಳಿಯಿತು. ಮರಾಠಿಯಲ್ಲಿ ಆಯಿ ಅಂದರೆ ಅವ್ವ. ಅದು ಅವಳಿಗೂ ಗೊತ್ತು. ಆದರೆ ಮರಾಠಿ ಮಾತಿನ ಬಾಯಾರು ಇದನ್ನು ಹೇಳಿದ್ದು ಕನ್ನಡದಲ್ಲಿ! ಕನ್ನಡದಲ್ಲಿ ಆಯಿ ಅಂದರೆ ಅಜ್ಜಿಯಲ್ಲವೇ?

ವತ್ಸಲಾಬಾಯಿ, ರಮಾಕಾಂತ ಇಬ್ಬರೂ ಡಾಕ್ಟರಿಕೆ ಕಲಿತು, ಹಳ್ಳಿಯಲ್ಲಿ ಕೆಲಸ ಮಾಡುತ್ತ ಕಲಿಯಲು ಬಂದವರು. ಊರಿನ ಕೂಸುಗಳಿಗೆ ದೇವಿ ಹಾಕಬೇಕಿತ್ತು. ಅಂದರೆ, ಸಿಡುಬು ಬಾರದ ಹಾಗೆ ಸೂಜಿ ಚುಚ್ಚಬೇಕಿತ್ತು. ಮನೆಮನೆಗೆ ಹೋಗಿ ಕೇಳಿದರೂ ಒಂದು ಕೂಸೂ ಸಿಕ್ಕಿರಲಿಲ್ಲ. ಮಧ್ಯಾಹ್ನ ಜೀಪು ಬಂದರೆ ಇಬ್ಬರೂ ಮುಂದಿನ ಊರು ಬೆಳುಂಕಿಗೆ ಹೊರಟರು!

ಸಂಗವ್ವನ ಕಣ್ಣು ತುಂಬಿಬಂತು. ಗೆಳತಿ ಹಾಲವ್ವನ ಕೆನ್ನೆಯ ಮೇಲೆ ಸಿಡುಬು ಬಿಟ್ಟುಹೋದ ಕುಳಿಗಳನ್ನು ಅವಳು ದಿನಾ ನೋಡುತ್ತಿದ್ದಳು. ಮನೆಯಲ್ಲಿ ಪುಟ್ಟ ತಮ್ಮ ಬೀರದೇವ ಈಗಷ್ಟೇ ಅಂಬೆಗಾಲಿಡುತ್ತಿದ್ದ.

“ಲಗೂನ ಹೋಗಿ ಅವ್ವನ ಕರಕೊಂಡ ಬರ್ತೀನ್ರಿ!” ಎಂದು ಹೊರಟಳು.

“ನಿಂದರ!” ಎಂದಳು ಅವಳ ಆಯಿ ದುಂಡವ್ವ. “ಬಾಯಾರ, ನಮ್ಮನ್ನ ಎದಕ್ಕ ಕರಿಸೀರಿ? ಚಾ ಕುಡಸಾಕೇನ?”

ಮುದುಕಿಯರೆಲ್ಲ ಕಿಸಕ್ಕನೆ ನಕ್ಕರು. ವತ್ಸಲಾಬಾಯಿ ಹೆದರುತ್ತ ಹೆದರುತ್ತ ಸೂಜಿಯ ವಿಷಯ ಹೇಳಿದರು.

“ನೀವಿನ್ನೂ ಕಲಿಯೂ ಡಾಕ್ಟರಂತ. ಕಲಿಯಾಕ ನಮ್ಮ ಕೂಸ ಬೇಕಾಗಿದ್ವೇನ?” ಎಂದಳು ದುಂಡವ್ವ.



“ಆಯಿ,” ಎಂದರು ವತ್ಸಲಾಬಾಯಿ, “ಸೂಜಿ ಹಾಕೂದು ಕಲತೀನಿ. ಕನ್ನಡ ಅಷ್ಟ ಕಲತಿಲ್ಲ.”

“ಅದಂತೂ ಖರೆ ನೋಡವ್ವ! ಅವ್ವನ ಕರಿಯಾಕ ಹೋಗಿ ಮುದುಕ್ಯಾರ್ನ ಕರಸ್ತಿ!” ದುಂಡವ್ವ ಸೀರೆ ಸೆರಗು ಸರಿಸಿ ತೋಳು ಚಾಚಿದಳು. “ಹಾಕು. ಮೊದಲ ನನಗ ಹಾಕು.”

ಎಲ್ಲರ ಕತ್ತೂ ಆ ಕಡೆ ಉದ್ದವಾಯಿತು. ಸೂಜಿ ತೋಳಿಗೆ ಚುಚ್ಚುತ್ತಿದ್ದಂತೆ ಹಾಲವ್ವನ ಆಯಿ ಕಣ್ಣು ಮುಚ್ಚಿಕೊಂಡಳು.

“ಇಷ್ಟ?” ದುಂಡವ್ವ ತೋಳು ನೋಡಿಕೊಂಡಳು. “ಕುರಿ ಕಾಯಾಕ ಹೋದ್ರ ಜಾಲಿಮುಳ್ಳ ಇದಕ್ಕಿಂತ ಜೋರ ಚುಚ್ಚತೈತಿ! ಏ ಸಂಗಿ, ಹೋಗು. ಕೂಸಿನ ಕರಕೊಂಡ ಬಾ ಅಂತ ಆಯಿ ಹೇಳ್ಯಾಳ ಅನ್ನು ನಿಮ್ಮವ್ವಗ.”

“ನಮ್ಮ ಸೊಸಿಗೂ ಹೇಳ!” “ನಮ್ಮಕಿಗೂ!” ಎಂದು ಕೋಲುಗಳು ನೆಲಕ್ಕೆ ಬಡಿದವು.

ಸಂಗವ್ವ ಲಂಗ ಎತ್ತಿಕೊಂಡು ಓಡಿದಳು. ಜೋಳದ ಹೊಲದಲ್ಲಿ ಅವ್ವ ಮಲಕವ್ವ ಕುರುಪಿ ಹಿಡಿದು ಕಸ ತೆಗೆಯುತ್ತಿದ್ದಳು. ಬೀರದೇವ ಬೇವಿನ ನೆರಳಿನ ಜೋಳಿಗೆಯಲ್ಲಿ ಮಲಗಿದ್ದ.

“ಅವ್ವಾ! ಕೂಸಿಗಿ ಸೂಜಿ ಹಾಕಸ ಅಂತ ಆಯಿ ಹೇಳ್ಯಾಳ!”

“ಆಯಿ ಹೇಳಿದ್ರೇನ? ಖರೇನ?”

“ಖರೇ ಖರೇ ಅವ್ವಾ. ತಾನೂ ಹಾಕಿಸಿಕೊಂಡಾಳ!”

ಮಲಕವ್ವನ ಕೈಯಿಂದ ಕುರುಪಿ ಜಾರಿತು. ಮೊನ್ನೆ ಡಾಕ್ಟರು ಬಾಗಿಲಿಗೆ ಬಂದಾಗ ಇದೇ ಅವ್ವ ನೆಲ ನೋಡುತ್ತ, “ನಮ್ಮತ್ತಿನ ಕೇಳಬೇಕ್ರಿ” ಎಂದಿದ್ದಳು. ಅವ್ವನಿಗೆ ಮನಸ್ಸಿಲ್ಲ ಎಂದೇ ಸಂಗವ್ವ ಅಂದುಕೊಂಡಿದ್ದಳು.

ಈಗ ಅವ್ವ ಬೀರದೇವನನ್ನು ಬಾಚಿ ಎದೆಗೆ ಒತ್ತಿಕೊಂಡು, ಬದುವಿನ ಮೇಲೆ ಶಾಲೆಯ ಕಡೆಗೆ ಓಡುತ್ತಿದ್ದಳು. ತಲೆಯ ಸೆರಗು ಜಾರಿದ್ದೂ ಅವಳಿಗೆ ಗೊತ್ತಿರಲಿಲ್ಲ.

ಅವ್ವ ಓಡುವುದನ್ನು ಸಂಗವ್ವ ನೋಡಿದ್ದು ಅದೇ ಮೊದಲು. ಒಂದು ಗಳಿಗೆ ಹಾಗೆಯೇ ನೋಡುತ್ತ ನಿಂತಳು. ಆಮೇಲೆ ನಗುತ್ತ ಹಾಲವ್ವನ ಹೊಲದ ಕಡೆ ತಿರುಗಿದಳು.